ದೊರಸಾನಿಯ ಫೋಟೋ

ಫೋಟೋಕ್ಕೆ ಸುತ್ತಿದ್ದ ಪೇಪರನ್ನು ನಾಗೇಂದ್ರಪ್ಪ ಬಿಚ್ಚುವ ಮೊದಲೇ ಮಾರೇಶನಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಿದರೆ ಅವನಿಗೇ ಹೇಳಲು ಬರುತ್ತಿರಲಿಲ್ಲ. ಬೆಳಿಗ್ಗೆ ಚಿತ್ತವಾಡ್ಗಿಯ ಮನೆ ಬಿಟ್ಟು, ಹೊಸಪೇಟೆ ಬಸ್ ಸ್ಟ್ಯಾಂಡಿನ ಹಿಂದಿರುವ ಈ ಸ್ಟುಡಿಯೋ ಮುಟ್ಟುವುದರೊಳಗೆ ಅದಿರಿನ ಲಾರಿಗಳಿಗೆ ದಾರಿ ಬಿಟ್ಟು ಬಿಟ್ಟು ಸಾಕಾಗಿತ್ತು. ಒಂದರ ಹಿಂದೆ ಒಂದು, ಮುಗಿಯುವ ಮಾತೇ ಇಲ್ಲ. ನಡುವೆ ನುಗ್ಗಲು ಹೋದಾಗ ಒಬ್ಬ ಕ್ಲೀನರ್ ಬಾಗಿಲು ಬಡಿದು, ಇವನ ಬಿಳಿ ಬೂಟುಗಳನ್ನು ನೋಡಿ, "ಯಾವೂರ ದೊರಿಯಪಾ ನೀನು, ಸರಿಯಲೇ" ಎಂದು ಕೂಗಿದ. ಮೂರು ವರ್ಷದ ಹಿಂದೆ ಇವನು ಅಮೆರಿಕಕ್ಕೆ ವಿಮಾನ ಹತ್ತುತ್ತಾನೆಂದು ಓಣಿಗೆ ಓಣಿಯೇ ಬಂದು ಬಾಗಿಲಲ್ಲಿ ನಿಂತಿತ್ತು. ಈಗ ಓಣಿಗೆ ಪುರುಸೊತ್ತಿಲ್ಲ. ಆಗ ಸೈಕಲ್ಲಿಗೆ ಗಾಳಿ ಹೊಡೆಸಲು ಚಿಲ್ಲರೆ ಹುಡುಕುತ್ತಿದ್ದವರು ಈಗ ಬೊಲೆರೋದಲ್ಲಿ ಕೂತು ಕಿಟಕಿ ಅರ್ಧ ಇಳಿಸಿ, "ಏನೋ ಮಾರ್ಯಾ, ಯಾವಾಗ ಬಂದೆ, ಯಾವಾಗ ಹೋಗ್ತಿ" ಎಂದು ಒಂದೇ ಉಸಿರಿಗೆ ಕೇಳಿ ಕಿಟಕಿ ಏರಿಸುತ್ತಿದ್ದರು. ಹೋಗುವುದು ಇವತ್ತೇ. ಸಂಜೆಯ ಬಸ್ಸಿಗೆ ಬೆಂಗಳೂರು, ನಾಳೆ ವಿಮಾನ. ಅಂಗಿಯ ಮೇಲೆ ಕೂತ ಕೆಂಪು ಧೂಳನ್ನು ಕೊಡವಿಕೊಂಡ. ಅದು ಹೋಗಲಿಲ್ಲ, ಇನ್ನಷ್ಟು ಹರಡಿತು.

ಅಂಗಿಯ ಜೇಬಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮಡಿಸಿಟ್ಟ ಹಾಳೆ ಮತ್ತು ಕಾರ್ಡು ಇದ್ದವು. ಬಂದಾಗಿನಿಂದ ಅವನು ಅವೆರಡನ್ನೂ ಮೈಮೇಲಿಂದ ತೆಗೆದಿರಲಿಲ್ಲ. ಸ್ನಾನಕ್ಕೆ ಹೋಗುವಾಗಲೂ ಬಚ್ಚಲ ಗೂಡಿನಲ್ಲಿಟ್ಟು, ಕಣ್ಣಿಟ್ಟುಕೊಂಡೇ ನೀರು ಹೊಯ್ದುಕೊಳ್ಳುತ್ತಿದ್ದ. ಅಲ್ಲಿಯವಳನ್ನು ಮದುವೆಯಾಗಿ ಹೋದವನಿಗೆ ಆ ದೇಶ ಮೊದಲು ಎರಡು ವರ್ಷದ ಕಾರ್ಡು ಕೊಡುತ್ತದೆ. ಸಂಸಾರ ಮಾಡಿ ತೋರಿಸಿ, ಆಮೇಲೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ, ಷರತ್ತು ತೆಗೆಯಿರಿ ಎಂದು ಅರ್ಜಿ ಕೊಡಿ, ನೋಡೋಣ ಎನ್ನುತ್ತದೆ. ಅರ್ಜಿ ಕೊಟ್ಟಾಗಿತ್ತು, ನೋಡುವುದು ಇನ್ನೂ ಆಗಿರಲಿಲ್ಲ. ಕಾರ್ಡಿನ ಅವಧಿ ಮುಗಿದು, ಈಗ ಆ ಹಾಳೆಯ ಜೀವದ ಮೇಲೆ ಅದರ ಜೀವ. ಅರ್ಜಿ ವಿಚಾರಣೆಯಲ್ಲಿದೆ, ಅಲ್ಲಿಯವರೆಗೆ ಇವನನ್ನು ಒಳಗೆ ಬಿಡಿ ಎಂದು ಹಾಳೆ ಹೇಳುತ್ತಿತ್ತು. ಯಾವಾಗಲಾದರೂ ಇಬ್ಬರನ್ನೂ ಕರೆಸಿ, ಎದುರಿಗೆ ಕೂರಿಸಿ, ನಿಮ್ಮದು ನಿಜವಾದ ಮದುವೆಯೇ ಎಂದು ಕೇಳಬಹುದು. ಆ ಪ್ರಶ್ನೆ ಮಾರೇಶನಿಗೆ ಹೊಸದಾಗಿರಲಿಲ್ಲ. ಅಧಿಕಾರಿಗಿಂತ ಮೊದಲೇ ಅವನೇ ಅದನ್ನು ತನಗೆ ಕೇಳಿಕೊಂಡು, ಮಗ್ಗುಲು ಬದಲಿಸಿ ಮಲಗಿದ್ದ.

"ನೋಡ್ರಿ ಸಾರ್, ಹೆಂಗ ಬಂದೈತಿ," ಎಂದು ನಾಗೇಂದ್ರಪ್ಪ ಫ್ರೇಮನ್ನು ಮೇಜಿನ ಮೇಲೆ ನಿಲ್ಲಿಸಿದ.

ಪಂಪಾವತಿಯ ಮದುವೆಯ ಗ್ರೂಪ್ ಫೋಟೋ. ನಡುವೆ ತಂಗಿ, ಅವಳ ಗಂಡ ಪಕೀರಪ್ಪ, ಇತ್ತ ಅವ್ವ ಯಮನಮ್ಮ. ಅವ್ವನ ಪಕ್ಕದಲ್ಲಿ, ಸತ್ತು ಹತ್ತು ವರ್ಷವಾದ ಅಪ್ಪ ಓಬಳಪ್ಪ ರೇಷ್ಮೆ ಪಂಚೆ ಉಟ್ಟು ನಿಂತಿದ್ದ. ಬದುಕಿರುವಾಗ ತಳವಾರಘಟ್ಟದಲ್ಲಿ ಹರಿಗೋಲು ಹಾಕುತ್ತಿದ್ದವನಿಗೆ ರೇಷ್ಮೆ ಪಂಚೆ ಯಾರೂ ಕೊಟ್ಟಿರಲಿಲ್ಲ. ಇದು ನಾಗೇಂದ್ರಪ್ಪನ ಕೈಗುಣ. ಸುತ್ತ ಹತ್ತು ಊರಿಗೆ ಹೆಸರಾದದ್ದು. ಮನೆಯಲ್ಲಿ ತೀರಿಕೊಂಡವರಿದ್ದರೆ ಮದುವೆಯ ದಿನ ಅವನು, "ಒಂದಾಳು ಜಾಗ ಬಿಡ್ರಿ" ಎಂದು ಕೂಗುತ್ತಾನೆ, ಎಲ್ಲರೂ ಸರಿದು ನಿಲ್ಲುತ್ತಾರೆ, ಆಮೇಲೆ ಅವನು ಕಂಪ್ಯೂಟರಿನಲ್ಲಿ ಆ ಜಾಗ ತುಂಬುತ್ತಾನೆ. ತುಂಬಿದವರ ತಲೆ ಸುತ್ತ ತಿಳಿ ಬೆಳಕಿನ ಒಂದು ಬಳೆ ಬರೆಯುತ್ತಾನೆ. ಹೊಸಪೇಟೆಯಿಂದ ಸಂಡೂರು, ಕಂಪ್ಲಿಯವರೆಗೆ ಯಾರ ಮನೆಯ ಪಡಸಾಲೆಗೆ ಹೋದರೂ ಆ ಬಳೆ ನೋಡಿದ ಕೂಡಲೇ ಜನ ಎರಡೂ ಕೈ ಜೋಡಿಸುತ್ತಾರೆ. ಮದುವೆಯ ದಿನ ಪಂಪಿ ತನ್ನನ್ನು ಒಂದಷ್ಟು ಆಚೆ ಸರಿಸಿದ್ದು ಮಾರೇಶನಿಗೆ ಈಗ ನೆನಪಾಯಿತು. ಆಗ ಅವನಿಗೆ ಬೇಜಾರಾಗಿತ್ತು. ಗಂಡಿನ ಕಡೆಯವರ ಮುಂದೆ ಅಣ್ಣ ಅಷ್ಟು ಹತ್ತಿರ ಬೇಡವೇನೋ ಎಂದುಕೊಂಡಿದ್ದ. ಈಗ ನೋಡಿದರೆ ಆ ಜಾಗದಲ್ಲಿ, ತನ್ನ ಭುಜಕ್ಕೆ ಭುಜ ತಾಗಿಸಿ, ಹಸಿರು ಪತ್ತಲ ಉಟ್ಟು, ಮೊಣಕೈವರೆಗೆ ಬಳೆ ಇಟ್ಟು ಅವನ ಹೆಂಡತಿ ಹೆಲೆನ್ ನಿಂತಿದ್ದಳು. ಮುಖ ಮಾತ್ರ ಅವಳದು. ಮೈ ಯಾರದ್ದೋ. ತಲೆಯ ಸುತ್ತ ಬೆಳಕು.

"ಇದನ್ಯಾರ್ರೀ ಹಾಕ ಅಂದ್ರು?"

"ನಿಮ್ಮ ತಂಗೀರಿ. ಅತ್ತಿಗಿನ್ನೂ ಕೂಡ್ಸ್ರಿ, ಆಕಿ ಬರಾಕ ಆಗಂಗಿಲ್ಲ ಅಂದ್ರು, ಫೋಟೋ ಕೊಟ್ರು. ಭಾಳ ಚಿಕ್ಕ ವಯಸ್ಸಿಗೇ ಹೋದ್ರಲ್ರೀ ಸಾರ್. ಹೆಂಗಾತ್ರಿ?"

ಅಲ್ಲ ಮಾರಾಯ, ಅವಳು ಬದುಕಿದ್ದಾಳೆ, ರಜೆ ಸಿಗಲಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ರಜೆ ಸಿಗಲಿಲ್ಲ ಎಂಬುದೂ ಸುಳ್ಳೇ. ಒಂದು ಸುಳ್ಳನ್ನು ತೆಗೆದು ಇನ್ನೊಂದನ್ನು ಹಾಕುವಷ್ಟು ಚೈತನ್ಯ ಆ ಬೆಳಿಗ್ಗೆ ಅವನಲ್ಲಿರಲಿಲ್ಲ. ಜೊತೆಗೆ, ಬಂದಾಗಿನಿಂದ ಇದೇ ಮೊದಲ ಸಲ ಒಬ್ಬ ಮನುಷ್ಯ ತನ್ನನ್ನು ಕರುಣೆಯಿಂದ ನೋಡುತ್ತಿದ್ದ. ಅದು ಹಿತವಾಗಿತ್ತು ಎನ್ನುವುದು ಗೊತ್ತಾಗಿ ಅವನಿಗೆ ನಾಚಿಕೆಯಾಯಿತು. ಅಲ್ಲಿಯ ವಕೀಲ ಹೇಳಿದ್ದು ತಲೆಯಲ್ಲಿ ಓಡಿತು: ಊರಿಗೆ ಹೋಗುತ್ತೀರಲ್ಲ, ಮನೆಯವರ ಜೊತೆ ಇಬ್ಬರೂ ನಿಂತ ಫೋಟೋ ಇದ್ದರೆ ತನ್ನಿ, ವಿಚಾರಣೆಯಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಇದೋ, ಇಬ್ಬರೂ ನಿಂತಿದ್ದರು.

"ಆ ಬೆಳಕು ತೆಗಿಯಾಕ ಬರತೈತೇನ್ರಿ?" ಎಂದು ಕೇಳಿದ.

ನಾಗೇಂದ್ರಪ್ಪನಿಗೆ ಅವಮಾನವಾದಂತಾಯಿತು. "ಅದ್ಹೆಂಗ್ರೀ? ತೆಗದ್ರ ಇದ್ದೋರ್ಯಾರು, ಹೋದೋರ್ಯಾರು ಗೊತ್ತ ಆಗಂಗಿಲ್ಲಲ್ರೀ. ನಾಳೆ ಮನಿಗೆ ಬಂದೋರು, ಎಲ್ಲದಾರ ನಿಮ್ಮವರು ಕರೀರಿ ಅಂದ್ರ ಏನ್ ಹೇಳ್ತೀರಿ?"

ಅದೂ ಸರಿಯೇ. ಮಾರೇಶ ಫ್ರೇಮನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದ.

ಆಟೋದಲ್ಲಿ ಫ್ರೇಮನ್ನು ತೊಡೆಯ ಮೇಲೆ ಬೋರಲಾಗಿ ಇಟ್ಟುಕೊಂಡಿದ್ದ. ಆ ಮುಖ ಎಲ್ಲಿಯದೆಂದು ಅವನಿಗೆ ಗೊತ್ತಿತ್ತು. ಹಂಪಿಯಲ್ಲಿ ಹೇಮಕೂಟದ ಆಚೆ, ಬಂಡೆಯ ನೆತ್ತಿ ಹತ್ತಿ ನಿಂತು ಅವಳು ಕೆಳಗಿದ್ದ ಇವನನ್ನು ನೋಡಿ ನಕ್ಕಾಗ ಇವನೇ ತೆಗೆದದ್ದು. ಬಂಡೆ ಹತ್ತಲೆಂದೇ ವಿಮಾನದಲ್ಲಿ ಬಂದವಳು. ಬಿದ್ದರೆ ಪೆಟ್ಟಾಗದಿರಲೆಂದು ಬೆನ್ನ ಮೇಲೆ ಒಂದು ಮಡಚುವ ಗಾದಿ ಹೊತ್ತು ತಿರುಗುತ್ತಿದ್ದಳು. ಹಂಪಿ ಬಜಾರಿನ ಹಂಪಕ್ಕ, ದೋಸೆ ಹಂಚಿಗೆ ನೀರು ಚಿಮುಕಿಸುತ್ತ, "ಎವ್ವಾ, ಗಾದಿ ಮಾರಾಕ ಬಂದಾಳಲ್ಲೋ, ಬಾಡಿಗಿ ಕೇಳು" ಎಂದಿದ್ದಳು. ಬಾಡಿಗೆಗೆ ಗಾದಿ ಹೊತ್ತವನು ಇವನು. ಒಂದು ಚಳಿಗಾಲ ಹೊತ್ತ. ಇನ್ನೊಂದು ಚಳಿಗಾಲ ಅವಳು ಬಂದಾಗ ಬಾಡಿಗೆ ಕೊಡಲಿಲ್ಲ, ಇವನೂ ಕೇಳಲಿಲ್ಲ. ಆ ದಿನಗಳಲ್ಲಿ ತಾನು ಅವಳನ್ನು ನೋಡುತ್ತಿದ್ದೆನೋ, ಅವಳ ಹಿಂದಿದ್ದ ವಿಮಾನವನ್ನೋ? ಎರಡೂ ಒಂದೇ ದಿಕ್ಕಿನಲ್ಲಿದ್ದವು. ಬೇರೆ ಮಾಡಿ ನೋಡುವ ಪ್ರಮೇಯ ಬಂದಿರಲಿಲ್ಲ. ಅವ್ವನ ಜೊತೆ ಅವಳು ಹೊಸ್ತಿಲ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಇಬ್ಬರಿಗೂ ಮಾತು ಬಾರದು, ನಗು ಬರುತ್ತಿತ್ತು. ಅವ್ವ ಅವಳಿಗೆ ಒಂದೇ ಒಂದು ಮಾತು ಕಲಿಸಿದಳು. ಅಮ್ಮಾ, ಊಟ ಆತಾ? ಹೊತ್ತಲ್ಲದ ಹೊತ್ತಿನಲ್ಲೂ ಅವಳು ಅದನ್ನೇ ಕೇಳುತ್ತಿದ್ದಳು. ಅವ್ವ ಪ್ರತಿ ಸಲವೂ, ಆತವಾ, ನಿಂದ ಆತೇನು ಎನ್ನುತ್ತಿದ್ದಳು.

ಮದುವೆಯಾಗಿ ಅಮೆರಿಕಕ್ಕೆ ಹೋದ ಮೇಲೆ ಗಾದಿ ಹೊರುವ ಕೆಲಸವೂ ಇರಲಿಲ್ಲ. ಅವಳ ಮನೆ, ಅವಳ ಕಾರು, ಅವಳ ಸ್ನೇಹಿತರು. ಇವನು ಒಂದು ದೊಡ್ಡ ಅಂಗಡಿಯ ಹಿಂಬದಿಯ ಶೀತಲ ಕೋಣೆಯಲ್ಲಿ ಪೆಟ್ಟಿಗೆ ಪೇರಿಸುತ್ತಿದ್ದ. ಮನೆಗೆ ಬಂದರೆ, ಇವತ್ತು ಹೇಗಿತ್ತು ಎಂದು ಅವಳು ಕೇಳುತ್ತಿದ್ದಳು; ಪೆಟ್ಟಿಗೆ ಪೇರಿಸುವುದು ಹೇಗಿರುತ್ತದೆ? ಅವಳು ಒಳ್ಳೆಯವಳಾಗಿದ್ದುದೇ ಇವನಿಗೆ ತಡೆಯಲಾಗಲಿಲ್ಲ. ಅವಳು ಬೈದಿದ್ದರೆ ತಾನೂ ಬೈದು ಹಗುರಾಗಬಹುದಿತ್ತು. ಒಮ್ಮೆ ಯಾವುದೋ ಸಣ್ಣ ಮಾತಿಗೆ, ಸಿಂಕಿನಲ್ಲಿ ಬಿಟ್ಟ ತಟ್ಟೆಗೋ ಏನೋ, ಇವನು ಕೂಗಾಡಿ, ಕಾರ್ಡು ಒಂದು ಕೈಗೆ ಬರಲಿ, ಆಮೇಲೆ ನಾನು ಯಾರು ಅಂತ ತೋರಿಸ್ತೀನಿ ಎಂದುಬಿಟ್ಟಿದ್ದ. ಇಂಗ್ಲಿಷಿನಲ್ಲಿ ಅಂದದ್ದು; ಮುರುಕು ಇಂಗ್ಲಿಷಾದರೂ ಅರ್ಥವಾಗದೆ ಹೋಗುವಂಥದ್ದಲ್ಲ. ಅವಳು ಕೈಯಲ್ಲಿದ್ದ ತಟ್ಟೆಯನ್ನು ತೊಳೆದು, ಒರೆಸಿ, ಇಟ್ಟು, ಅಂದಿನಿಂದ ಒಳಗಿನ ಕೋಣೆಯಲ್ಲಿ ಒಬ್ಬಳೇ ಮಲಗಿದಳು. ಊರಿಗೆ ಫೋನ್ ಮಾಡಿದಾಗ ಬಂದು ಅವ್ವನನ್ನು ಮಾತಾಡಿಸುವುದನ್ನೂ ಬಿಟ್ಟಳು. ಅವ್ವ, ದೊರಸಾನಿ ಎಲ್ಲಿ ಎಂದರೆ ಇವನು ಕೆಲಸಕ್ಕೆ ಹೋಗ್ಯಾಳ ಎನ್ನುತ್ತಿದ್ದ. ವರ್ಷ ಮೀರಿತು ಹಾಗೆ. ಆದರೂ ಅರ್ಜಿಗೆ ಅವಳು ಸಹಿ ಹಾಕಿದಳು. ಸಹಿ ಹಾಕಿ ಹೇಳಿದಳು: ಸಹಿ ಹಾಕುತ್ತೇನೆ, ಆದರೆ ಎದುರಿಗೆ ಕೂರಿಸಿ ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ, ಇರುವುದನ್ನು ಇರುವ ಹಾಗೆ ಹೇಳುತ್ತೇನೆ. ತಂಗಿಯ ಮದುವೆಗೆ ಕರೆದಾಗ, ಯಾವ ಮುಖ ಇಟ್ಟುಕೊಂಡು ಬಂದು ನಿನ್ನ ಅಮ್ಮನ ಜೊತೆ ನಗಲಿ ಎಂದಳು. ಈಗ ನೀನೊಬ್ಬನೇ ಹೋದರೆ, ಯಾಕೆ ಒಬ್ಬನೇ ಹೋದೆ ಎಂದು ಅವರು ಕೇಳುತ್ತಾರೆ, ಯೋಚಿಸು ಎಂದೂ ಹೇಳಿದಳು. ಇವನು ಯೋಚಿಸಲಿಲ್ಲ. ಅಣ್ಣ ಅಮೆರಿಕದಲ್ಲಿದ್ದಾನೆ ಎಂಬ ಮಾತಿನ ಮೇಲೆಯೇ ಪಂಪಿಗೆ ಎರಡು ಟಿಪ್ಪರಿನ ಪಕೀರಪ್ಪ ಸಿಕ್ಕಿದ್ದ. ಆ ಅಣ್ಣ ಕಣ್ಣಿಗೆ ಬೀಳಲೇಬೇಕಿತ್ತು.

ಮನೆಯ ಮುಂದೆ ಪಕೀರಪ್ಪನ ಬೊಲೆರೋ ಆಗಲೇ ನಿಂತಿತ್ತು. ಅಣ್ಣ ಹೋಗುವ ದಿನವೆಂದು ಹೊಸ ಮದುಮಕ್ಕಳನ್ನು ಊಟಕ್ಕೆ ಕರೆದಿದ್ದರು. ಅವರ ಹಿಂದೆ ಪಂಪಿಯ ಗಂಡನೂರು ಚೋರನೂರಿನಿಂದ ನಾಲ್ಕಾರು ಹೆಣ್ಣುಮಕ್ಕಳೂ, ಪಕೀರಪ್ಪನ ಸೋದರತ್ತೆ ತಾಯಕ್ಕನೂ ಬಂದಿದ್ದರು. ಒಳಗೆ ಮಸಾಲೆ ಅರೆದ ವಾಸನೆ. ಪಕೀರಪ್ಪ ಎದ್ದು, "ಬರ್ರಿ ಭಾವಾ, ನಿಮ್ಮ ಮನ್ಯಾಗ ನಾವ ಮೊದಲ ಬಂದು ಕುಂತೀವಿ" ಎಂದು ನಕ್ಕ. ಒಳ್ಳೆಯ ಹುಡುಗನೇ. ಮಾತು ಮಾತಿಗೆ ಮೊಬೈಲ್ ತೆಗೆದು ನೋಡುವುದೊಂದು ಚಾಳಿ. ಮಾರೇಶನಿಗೆ ಇಲ್ಲಿ ಬಳಸಲು ಒಂದು ಮೊಬೈಲು, ಸಿಮ್ಮು ತೆಗೆದುಕೊಟ್ಟವನೂ ಅವನೇ; ಕೊಡುವಾಗ, ಅಮೆರಿಕದಾಗ ಇಂಥವು ಇರಂಗಿಲ್ಲೇನ್ರೀ ಎಂದಿದ್ದ, ಕುಹಕವಿಲ್ಲದೆ. ಕುಹಕವಿಲ್ಲದ್ದರಿಂದಲೇ ಅದು ಇವನಿಗೆ ಇನ್ನಷ್ಟು ಚುಚ್ಚಿತ್ತು.

ಫ್ರೇಮನ್ನು ಕಾಣದ ಹಾಗೆ ಒಳಗೆ ಒಯ್ಯಬೇಕೆಂದುಕೊಂಡಿದ್ದ. ಪಂಪಿ ಬಿಡಲಿಲ್ಲ. ಕೈಯಿಂದ ಕಸಿದುಕೊಂಡು, "ನೋಡ್ರಿ, ನಮ್ಮತ್ತಿಗಿ" ಎಂದು ಹೆಮ್ಮೆಯಿಂದ ಪಡಸಾಲೆಯ ಗೋಡೆಗೆ ಆನಿಸಿಟ್ಟಳು. ಹೆಂಗಸರು ಸುತ್ತ ಬಗ್ಗಿ ನೋಡಿದರು. ಪಂಪಿಯೂ ಆಗಲೇ ಬೆಳಕಿನ ಬಳೆಯನ್ನು ಕಂಡದ್ದು. ಅವಳ ಮುಖ ಸಪ್ಪಗಾಯಿತು.

"ಇದೇನವಾ," ಎಂದಳು ತಾಯಕ್ಕ ನಿಧಾನವಾಗಿ. "ನಿಮ್ಮಪ್ಪಗ ಹಾಕ್ಯಾನ, ಸರಿ. ಆಕಿಗ್ಯಾಕ ಬೆಳಕು?"

"ಆಕಿ ಅದಾಳ್ರೀ. ರಜಾ ಸಿಗಲಿಲ್ಲ. ಸ್ಟುಡಿಯೋದಾಂವ ತಪ್ಪು ಮಾಡ್ಯಾನ," ಎಂದಳು ಪಂಪಿ.

"ರಜಾ," ಎಂದು ತಾಯಕ್ಕ ಎಲೆ ಅಡಿಕೆಯನ್ನು ದವಡೆಯ ಈ ಕಡೆಯಿಂದ ಆ ಕಡೆಗೆ ತಿರುವಿದಳು. "ನಾವು ಕೇಳಿದ್ದು ಬ್ಯಾರೆ ಐತಿ ಬಿಡು. ಆಕಿ ಇಂವನ್ನ ಬಿಟ್ಟಾಳಂತ, ಅದಕ್ಕ ಬಂದಿಲ್ಲಂತ, ಮದಿವಿ ಹಂದರದಾಗ ಎಲ್ಲಾರೂ ಆಡಿಕೊಂಡ್ರು. ಗಂಡನ್ನ ಬಿಟ್ಟಾಕಿನ್ನ ತಂದು ಗೋಡಿಗೆ ಯಾಕ ನಿಲ್ಲಸ್ತೀರಿ ಅಂತೀನಿ." ಹಿಂದಿನಿಂದ ಯಾವಳೋ ಕಿಸಕ್ಕೆಂದಳು. ಪಕೀರಪ್ಪ, "ಸುಮ್ನಿರತ್ತೀ" ಎಂದ. ಆದರೆ ಅವನ ಕಣ್ಣು ಭಾವನ ಮೇಲಿತ್ತು, ಉತ್ತರ ಅವನಿಗೂ ಬೇಕಿತ್ತು.

ಎಲ್ಲರೂ ಮಾರೇಶನ ಕಡೆ ನೋಡಿದರು. ಅವನಿಗೆ ಆ ಕ್ಷಣದಲ್ಲಿ ಕಂಡದ್ದು ಬೆಳಿಗ್ಗೆಯ ಕ್ಲೀನರು, ಕಿಟಕಿ ಏರಿಸುವ ಗೆಳೆಯರು, ತನ್ನ ಬೂಟು. ಹೆಂಡತಿ ಬಿಟ್ಟವನು. ದೊರಸಾನಿಯ ಗಾದಿ ಹೊತ್ತು ಹೋಗಿ, ಗಾದಿಯೂ ಇಲ್ಲದೆ ತಿರುಗಿ ಬಂದವನು. ನಾಳೆ ಪಂಪಿ ಆ ಮನೆಯಲ್ಲಿ ಯಾವ ಮಾತಿಗೂ ತಲೆ ತಗ್ಗಿಸಬೇಕು. ಸ್ಟುಡಿಯೋದಲ್ಲಿ ಸಿಕ್ಕಿದ ಆ ಕರುಣೆಯ ರುಚಿ ಇನ್ನೂ ನಾಲಿಗೆಯ ಮೇಲಿತ್ತು.

"ಬಿಟ್ಟಿಲ್ಲ," ಎಂದ. ತನ್ನ ದನಿ ಅಷ್ಟು ಸ್ಥಿರವಾಗಿ ಬಂದದ್ದು ಅವನಿಗೇ ಅಚ್ಚರಿ. "ತೀರಿಕೊಂಡಾಳ."

ಪಂಪಿ ಬಾಯಿಗೆ ಕೈ ಹಿಡಿದಳು. ಅಡಿಗೆಮನೆಯ ಬಾಗಿಲಲ್ಲಿ ಅವ್ವ ಸೌಟು ಹಿಡಿದು ನಿಂತಿದ್ದಳು.

"ಯಾವಾಗ?" ಎಂದಳು ತಾಯಕ್ಕ. ದನಿ ಬದಲಾಗಿತ್ತು, ಆದರೆ ಪ್ರಶ್ನೆಯ ಬೆನ್ನಿಗೆ ಇನ್ನೊಂದಿತ್ತು, ಇವನಿಗೆ ತಿಳಿಯಿತು. ಸೂತಕವಿರುವ ಮನೆಯಿಂದ, ವರ್ಷದ ಕಾರ್ಯ ಆಗದೆ, ಹೆಣ್ಣು ಕೊಟ್ಟರೇ? ಹೆಂಡತಿಯನ್ನು ಸಾಯಿಸಿ ಆಗಿತ್ತು, ಈಗ ಶಾಸ್ತ್ರಕ್ಕೆ ಒಪ್ಪುವ ದಿನವೊಂದನ್ನು ಹುಡುಕಬೇಕಿತ್ತು. "ವರ್ಷದ ಮ್ಯಾಲಾತು," ಎಂದ. "ಬಂಡಿ ಹತ್ತಾಕ ಹೋಗಿ ಬಿದ್ಲು." ಗಾಡಿಯಲ್ಲ, ಬಂಡೆಗಲ್ಲು ಎಂದು ಅವ್ವನಿಗೆ ಅರ್ಥವಾಯಿತು, ಅವಳು ಆ ಬಂಡೆಗಳನ್ನೂ, ಆ ಗಾದಿಯನ್ನೂ ಕಂಡಿದ್ದಳು. "ಅಲ್ಲೇ ಎಲ್ಲಾ ಮುಗಿಸೀನಿ. ಪಂಪಿ ಮದಿವಿ ನಿಲ್ಲಬಾರದು ಅಂತ ಯಾರಿಗೂ ಹೇಳ್ಲಿಲ್ಲ."

ಕೊನೆಯ ಮಾತು ತಾನೇ ಬಂದದ್ದು, ಯೋಚಿಸಿ ಹೇಳಿದ್ದಲ್ಲ. ಅದೇ ಎಲ್ಲರನ್ನೂ ಕೆಡವಿತು. ಪಂಪಿ ಬಂದು ಅವನ ಕಾಲ ಬಳಿ ಕುಸಿದಳು. ಪಕೀರಪ್ಪ, ಎರಡು ಟಿಪ್ಪರಿನ ಪಕೀರಪ್ಪ, ಬಗ್ಗಿ ಅವನ ಬೂಟು ಮುಟ್ಟಿ ಕಣ್ಣಿಗೊತ್ತಿಕೊಂಡ. "ಎಂಥಾ ಅಣ್ಣಪಾ," ಎಂದಳು ತಾಯಕ್ಕ, "ವರ್ಷಗಟ್ಟಲೆ ಹೊಟ್ಯಾಗ ಇಟಗೊಂಡು, ನಗಕೋತ ಮದಿವಿ ಮಾಡ್ಯಾನ. ನನ್ನ ನಾಲಿಗಿ ಸುಡ್ಲಿ." ಅವ್ವ ಸೌಟು ಕೆಳಗಿಟ್ಟು, ಫೋಟೋದ ಮುಂದೆ ಬಂದು ಕೂತಳು. "ಅದಕ್ಕ ನನ್ನ ಕೂಡ ಮಾತಾಡ್ಲಿಲ್ಲ ಆಕಿ," ಎಂದಳು. "ನಾ ಸಿಟ್ಟಾಗಿದ್ನಲ್ಲಪ್ಪಾ. ದೊಡ್ಡಾಕಿ ಆಗ್ಯಾಳ, ಮುದುಕಿ ಬ್ಯಾಡಾಗೀನಿ ಅಂತ ಬೈದ್ನಲ್ಲಪ್ಪಾ ಸತ್ತಾಕಿನ್ನ." ಆಮೇಲೆ ಹಾಡಿ ಹಾಡಿ ಅಳತೊಡಗಿದಳು, ಅಪ್ಪ ಸತ್ತಾಗ ಅತ್ತ ಹಾಗೆ. ಬಂಗಾರದ ಕೂದಲಿನಾಕಿ, ಹೊಸ್ತಿಲ ಮ್ಯಾಲ ಕುಂತಾಕಿ, ಉಳ್ಳಾಗಡ್ಡಿ ಹೆಚ್ಚಿದಾಕಿ. ಉಳಿದ ಹೆಂಗಸರು ದನಿಗೂಡಿಸಿದರು. ಅವರಲ್ಲಿ ಒಬ್ಬಳೂ ಹೆಲೆನ್‌ಳನ್ನು ಕಂಡವಳಲ್ಲ.

ಮಾರೇಶ ಕಂಬಕ್ಕೆ ಒರಗಿ ಕೂತ. ನಾಚಿಕೆಯಾಗಬೇಕಿತ್ತು. ಆಗುತ್ತಿತ್ತು ಕೂಡ, ಆದರೆ ಅದರ ಅಡಿಯಲ್ಲಿ ಒಂದು ಹಗುರು ಇತ್ತು, ಮೂರು ವರ್ಷದಲ್ಲಿ ಕಾಣದ್ದು. ಯಾರೋ ನೀರು ತಂದು ಕೊಟ್ಟರು. ಯಾರೋ ಬೂಟು ಬಿಚ್ಚಿ ಬದಿಗಿಟ್ಟರು. ತನಗಾಗಿ ಈ ಮನೆಯಲ್ಲಿ ಇಷ್ಟು ಜನ ಯಾವತ್ತೂ ಅತ್ತಿರಲಿಲ್ಲ. ಪಕೀರಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮೊದಲ ಸಲ ಮೊಬೈಲನ್ನು ನೋಡದೆ, ತಗ್ಗಿದ ದನಿಯಲ್ಲಿ ಹೇಳಿದ: "ಭಾವಾ, ಇನ್ನ ಅಲ್ಲ್ಯಾರದಾರ ನಿಮಗ? ಯಾರ ಸಲುವಾಗಿ ಹೋಗ್ತೀರಿ? ಗಾದಿಗನೂರ ಹತ್ರ ನಮ್ಮದು ಅದಿರಿನ ಪ್ಲಾಟ್ ಐತಿ. ಲಾರಿ ಒಳಗ ಬರೋದು, ಹೊರಗ ಹೋಗೋದು ನೋಡಿಕೊಂಡ್ರ ಆತು. ನಮ್ಮವರೊಬ್ರು ಬೇಕ್ರೀ ಅಲ್ಲಿ." ತಾಯಕ್ಕ ಮೂಗೊರೆಸಿಕೊಂಡು, ಅಳುವಿನ ನಡುವೆಯೇ, ಕಂಪ್ಲಿಯಲ್ಲಿ ತನ್ನ ತಮ್ಮನ ಮಗಳೊಬ್ಬಳಿದ್ದಾಳೆ, ಈಗ ಆ ಮಾತು ಬೇಡ, ಆದರೂ ಇದ್ದಾಳೆ ಎಂದಳು. ಮಾರೇಶ ಜೇಬು ಮುಟ್ಟಿ ನೋಡಿಕೊಂಡ. ಚೀಲ ಇತ್ತು. ಇವತ್ತು ಬಸ್ಸು ಹತ್ತದಿದ್ದರೆ? ಆ ಕಾರ್ಡು ಬೇಡ ಎಂದರೆ? ಎದುರಿಗೆ ಕೂರಿಸಿ ಕೇಳುವ ಪ್ರಶ್ನೆಯೇ ಇಲ್ಲ, ಅವಳ ನಿಜದ ಮುಂದೆ ತಾನು ಬೆವರಬೇಕಾಗಿಲ್ಲ. ಹಾಳೆಯ ಜೀವ ತೀರಿದರೆ ತೀರಲಿ. ಇಲ್ಲಿ ಅವನು ಹೆಂಡತಿ ಸತ್ತ, ತಂಗಿಗಾಗಿ ದುಃಖ ನುಂಗಿದ ಗಂಡಸು. ಅಲ್ಲಿ ಅವನು ಏನೂ ಅಲ್ಲ.

ಗೂಡಿನಲ್ಲಿ ಚಾರ್ಜಿಗೆ ಹಾಕಿದ್ದ ಅವನ ಮೊಬೈಲು ಹೊಡೆದುಕೊಂಡದ್ದು ಆಗ. ಅವನು ಏಳುವುದರೊಳಗೆ ಅವ್ವ, ಗೂಡಿನ ಕೆಳಗೇ ಕೂತಿದ್ದವಳು, ಅಳುತ್ತಲೇ ಕೈ ಚಾಚಿ ತೆಗೆದುಕೊಂಡಳು. ಬಂದಾಗಿನಿಂದ ಅವನ ಫೋನನ್ನು ಅವಳೇ ಎತ್ತುವುದು ರೂಢಿಯಾಗಿತ್ತು. ಗುಂಡಿ ಒತ್ತುವುದನ್ನು ಪಂಪಿ ಕಲಿಸಿದ್ದಳು. ಕಿವಿಗಿಟ್ಟಳು. ಅಳು ನಿಂತಿತು. ಹಿಂದಿನ ಹೆಂಗಸರು ಅಳುತ್ತಲೇ ಇದ್ದರು. ಅವ್ವನ ಕಿವಿಯಿಂದ ಹೊರಬಿದ್ದ ಸಣ್ಣ ದನಿ ಕಂಬದ ಬಳಿಯಿದ್ದ ಮಾರೇಶನಿಗೆ ಮಾತ್ರ ಕೇಳಿಸಿತು, ಅಥವಾ ಕೇಳಿಸದೆಯೂ ಗೊತ್ತಾಯಿತು.

"ಅಮ್ಮಾ, ಊಟ ಆತಾ?"

ಅವ್ವ ಫೋಟೋವನ್ನು ನೋಡಿದಳು. ಆಮೇಲೆ ಮಗನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಬಂದದ್ದು ಸಿಟ್ಟಲ್ಲ. ಸಿಟ್ಟಾಗಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಆತವಾ," ಎಂದಳು ಫೋನಿಗೆ, ಮೆಲ್ಲಗೆ. "ನಿಂದ ಆತೇನು?"

ಫೋನನ್ನು ಮಗನ ಕೈಗೆ ಚಾಚಿದಳು. "ಯಾರದವಾ?" ಎಂದಳು ತಾಯಕ್ಕ. ಅವ್ವ ಪಂಪಿಯ ಕಡೆ ನೋಡಿದಳು, ಪಂಪಿಯ ಪಕ್ಕದಲ್ಲಿದ್ದ ಪಕೀರಪ್ಪನ ಕಡೆ ನೋಡಿದಳು. "ಇಂವನ ಕೆಲಸದ ಕಡೇರು. ನಮ್ಮ ಕನ್ನಡದೋರ ಅದಾರ," ಎಂದು, ಸೆರಗನ್ನು ಬಾಯಿಗೆ ಒತ್ತಿ, ಫೋಟೋದ ಮುಂದೆ ತಿರುಗಿ ಕೂತು, ಮೊದಲಿಗಿಂತ ಜೋರಾಗಿ ಅಳತೊಡಗಿದಳು.

ಮಾರೇಶ ಫೋನು ಹಿಡಿದು ಬಾಗಿಲವರೆಗೆ ಹೋದ. ಹೆಲೆನ್ ಮಾತಾಡುತ್ತಿದ್ದಳು. ಅಲ್ಲಿ ಹೊತ್ತು ಮೀರಿರಬೇಕು. ನಿದ್ದೆ ಬಾರದವಳ ದನಿ. ವಿಚಾರಣೆಗೆ ಕರೆ ಬಂದಿದೆ, ಇಬ್ಬರೂ ಬರಬೇಕಂತೆ ಎಂದಳು. ನೀನು ಹೋದ ಮೇಲೆ ಮನೆ ಖಾಲಿಯಾಗಿ, ಕೂತು ಯೋಚಿಸಿದೆ. ಕೇಳಿದರೆ ಏನು ಹೇಳಲಿ ಅಂತ ನನ್ನನ್ನೇ ಕೇಳಿಕೊಂಡೆ. ನಮ್ಮ ಮದುವೆ ನಿಜ ಅಂತಲೇ ಹೇಳುತ್ತೇನೆ ಮಾರೇಶ್. ನಾನು ಸುಳ್ಳು ಹೇಳುವುದಿಲ್ಲ, ನಿನಗೆ ಗೊತ್ತು. ನನ್ನ ಮಟ್ಟಿಗೆ ಅದು ನಿಜ. ಕೆಟ್ಟಿದೆ, ಆದರೆ ನಿಜ. ಅಮ್ಮನ ಜೊತೆ ಮಾತಾಡದೆ ಇಷ್ಟು ದಿನ ಇದ್ದದ್ದು ತಪ್ಪಾಯಿತು. ಅವರ ದನಿ ಕೇಳಿ ಎಷ್ಟು ಸಮಾಧಾನವಾಯಿತು ಗೊತ್ತೇ? ಇದೆಲ್ಲ ಮುಗಿಯಲಿ. ಈ ಚಳಿಗಾಲ ಇಬ್ಬರೂ ಊರಿಗೆ ಬರೋಣ.

ಊರಿಗೆ ಬರೋಣ ಎಂದದ್ದು ಅವನ ಕಿವಿಯೊಳಗೆ ಹೋಗಿ ಅಲ್ಲೇ ನಿಂತಿತು. ಅವನು ಬೀದಿ ನೋಡಿದ. ಓಣಿಯ ಕೊನೆಯ ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಆಗಲೇ ಎದುರು ಮನೆಯ ಯಲ್ಲಕ್ಕ ಅಳು ಕೇಳಿ ಹೊರಗೆ ಬಂದು, ಸೆರಗು ಹೊದ್ದು, ಈ ಕಡೆಗೆ ನಡೆಯುತ್ತಿದ್ದಳು. ಸಂಜೆಯೊಳಗೆ ಹಂಪಿಯ ಬಜಾರಿಗೂ ಸುದ್ದಿ ಮುಟ್ಟುತ್ತದೆ. ಹಂಪಕ್ಕನೂ ಹಂಚು ಇಳಿಸಿ ಅಳುತ್ತಾಳೆ.

"ಹಲೋ? ಇದ್ದೀಯಾ?" ಎಂದಳು ಹೆಲೆನ್. "ಅದೇನು ಸದ್ದು? ಯಾರೋ ಅಳುತ್ತಿದ್ದಾರಲ್ಲ. ಅದು ಅಮ್ಮನ ದನಿ ಅಲ್ಲವೇ? ಈಗ ತಾನೇ ನನ್ನ ಜೊತೆ ಚೆನ್ನಾಗಿ ಮಾತಾಡಿದರು."

"ಹೂಂ, ಅಮ್ಮ," ಎಂದ ಅವಳ ಭಾಷೆಯಲ್ಲಿ. ಹಿಂದೆ ಅವ್ವ, ನನ್ನ ಸೊಸಿ, ನನ್ನ ದೊರಸಾನಿ ಎಂದು ಎದೆ ಬಡಿದುಕೊಳ್ಳುತ್ತಿದ್ದಳು. ಹೆಲೆನ್‌ಗೆ ಒಂದೇ ಮಾತಿನ ಕನ್ನಡ ಬರುತ್ತಿತ್ತು, ಇದು ಆ ಮಾತಾಗಿರಲಿಲ್ಲ.

"ಅಯ್ಯೋ. ಯಾರಾದರೂ ಹೋದರೇ?"

"ಹೌದು."

"ಯಾರು? ನಮ್ಮ ಮನೆಯವರೇ? ನಾನು ಕಂಡವರೇ?"

ಯಲ್ಲಕ್ಕ ಹೊಸ್ತಿಲ ಬಳಿ ಬಂದು, ಅವನ ತೋಳು ಹಿಡಿದು, ಒಂದು ಸಲ ಒತ್ತಿ ಒಳಗೆ ಹೋದಳು.

"ಇಲ್ಲ," ಎಂದ ಮಾರೇಶ. "ನೀನು ಕಂಡವಳಲ್ಲ."